ಮುಂಡರಗಿಯಿಂದ ಹೊರಟ ಅಕ್ಷರಗಳು

ಕಳೆದ ವಾರ ಗದಗಿನ ಝೆರಾಕ್ಸ್ ಅಂಗಡಿಯವನು ಆಗಷ್ಟೇ ಯಂತ್ರದಿಂದ ಹೊರಬಿದ್ದ ಹಾಳೆಯನ್ನು ಕೈಗಿತ್ತ. ಇನ್ನೂ ಬೆಚ್ಚಗಿತ್ತು. ಆ ಬಿಸಿ ಕಾಗದದ ವಾಸನೆ ಮೂಗಿಗೆ ತಾಗಿದ್ದೇ ತಡ, ಬೆಟಗೇರಿಯ ನಮ್ಮ ಎದುರುಮನೆಯ ಚಾಚಿ ನೆನಪಾದರು.

ಚಾಚಿ ನೇಕಾರರಿಗೆ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮಗನ ಸಂಸಾರದ ಜೊತೆಗಿದ್ದರು. ನಾನಾಗ ಮುಂಡರಗಿಯ ಹೈಸ್ಕೂಲಿನಲ್ಲಿ ಟೀಚರ್. ವಾರವಿಡೀ ಅಲ್ಲೇ ಬಾಡಿಗೆ ಕೋಣೆ, ಶನಿವಾರ ಬೆಟಗೇರಿ. ಮನೆಯ ಕೀಲಿ ಚಾಚಿಯ ಹತ್ತಿರ ಇರುತ್ತಿತ್ತು. ಗಿಡಗಳಿಗೆ ನೀರು ಹಾಕಲು ಬಾಗಿಲು ತೆಗೆಯುತ್ತಿದ್ದರು.

ಪ್ರಶ್ನೆಪತ್ರಿಕೆಗೆಂದು ಕೊಂಡ ಪ್ರಿಂಟರ್ ಮನೆಯಲ್ಲಿತ್ತು. ಅದನ್ನು ಇಂಟರ್ನೆಟ್ಟಿಗೆ ಜೋಡಿಸಿಟ್ಟರೆ ಯಾವ ಊರಿನಿಂದಲಾದರೂ ಫೋನಿನಲ್ಲೇ ಮುದ್ರಿಸಬಹುದು ಎಂದು ಗೊತ್ತಾದಾಗ ನನಗೆ ತಡೆಯಲಾಗಲಿಲ್ಲ. ಮುಂಡರಗಿಯಲ್ಲಿ ಕೂತು, ಚಾಚಿ ಬಂದಾಗ ನೋಡಲೆಂದು ಒಂದು ಸಾಲು ಬರೆದು ಕಳಿಸಿಯೇಬಿಟ್ಟೆ. ಆ ಹೊತ್ತಿಗೆ ಚಾಚಿ ಒಳಗಿದ್ದರೆಂದು ನನಗೇನು ಗೊತ್ತು… ಫೋನ್ ಬಂತು.

“ಅಕ್ಕೋರ, ಮನ್ಯಾಗ ಯಾರೂ ಇಲ್ಲ, ನಿಮ್ಮ ಡಬ್ಬಿ ತಾನ ಗರಗರ ಅಂತೈತ್ರಿ! ಹಾಳಿ ಹೊರಗ ಹಾಕಾಕತ್ತೈತಿ!”

“ಅಂಜಬ್ಯಾಡ್ರಿ ಚಾಚಿ, ನಾನ ಕಳಿಸೀನಿ. ಏನ್ ಬರದೈತಿ ಓದ್ರಿ.”

“ನನಗ ಅರಬ್ಬಿ ಅಕ್ಷರ ಬರತಾವ್ರಿ, ಕನ್ನಡ ಬರಂಗಿಲ್ಲ” ಎಂದರು.

ಹಾಳೆಯಲ್ಲಿದ್ದದ್ದು ‘ಚಾಚಿ, ಚಹಾ ಆತೇನ್ರಿ?’ ಎಂದಷ್ಟೇ. ಹೇಳಿದೆ. ಜೋರಾಗಿ ನಕ್ಕರು. ಆಮೇಲೆ ಶುರುವಾಯಿತು: ಹಾಳೆ ಗಾಳಿಯಲ್ಲಿ ಬರುತ್ತದೆಯೇ? ಮಳೆಯಲ್ಲಿ ತೋಯುವುದಿಲ್ಲವೇ? ದಾರಿಯಲ್ಲಿ ಕರೆಂಟು ಹೋದರೆ ಎಲ್ಲಿ ಕೂತಿರುತ್ತದೆ? ಅರ್ಧಕ್ಕರ್ಧ ನನಗೂ ಗೊತ್ತಿರಲಿಲ್ಲ. ಹಾಳೆ ಅಲ್ಲಿಯದೇ, ಇಲ್ಲಿಂದ ಬರುವುದು ಅಕ್ಷರ ಮಾತ್ರ ಎಂದೆ.

“ಹಂಗಾದ್ರ ನನಗೂ ಅಕ್ಷರ ಕಳಸ್ರಲಾ.”

ಅಂದಿನಿಂದ ದಿನಕ್ಕೊಂದು ಅಕ್ಷರವನ್ನು ಹಾಳೆ ತುಂಬ ದೊಡ್ಡದಾಗಿ ಕಳಿಸಿ, ಫೋನಿನಲ್ಲಿ ಅದನ್ನು ಉಚ್ಚರಿಸಿ ಹೇಳತೊಡಗಿದೆ. ಅವರು ತುಂಡು ನೂಲನ್ನು ನೆಲದ ಮೇಲೆ ಬಾಗಿಸಿ ಅದರ ಆಕಾರ ಕೂಡಿಸುತ್ತಿದ್ದರಂತೆ. ಒಮ್ಮೆ ಪ್ರಿಂಟರಿನ ಶಾಯಿ ಮುಗಿದು ಬರೀ ಬಿಳಿ ಹಾಳೆ ಹೊರಬಂತು. “ಇವತ್ತ ಸೂಟಿ ಏನ್ರಿ?” ಎಂದು ಕೇಳಿದರು.

ಅವರಿಗೆ ಬೇಕಾಗಿದ್ದ ಶಬ್ದವೇ ಬೇರೆ. ಲಕ್ಷ್ಮೇಶ್ವರದಲ್ಲಿ ಅವರ ತಂಗಿ ಹಾಸಿಗೆ ಹಿಡಿದಿದ್ದಳು. ಮಗನಿಗೆ ಪುರುಸೊತ್ತಾದಾಗ ಮಾತ್ರ ಹೋಗಿ ನೋಡುವುದು. ಒಬ್ಬರೇ ಹೋಗೋಣವೆಂದರೆ ಬಸ್ಸಿನ ಬೋರ್ಡು ಓದಲು ಬಾರದು, ತಪ್ಪು ಬಸ್ಸು ಹತ್ತುವ ಭಯ. ಆ ಊರಿನ ಹೆಸರು ಕಳಿಸಿದೆ. “ಯವ್ವಾ, ಒಂದ ಅಕ್ಷರದ ಹೊಟ್ಯಾಗ ಎಷ್ಟ ಮಂದಿ ಕುಂತಾರ್ರಿ!” ಎಂದು ಸೋತರು. ಸುಲಭವಿರಲಿ ಎಂದು ‘ಮುಂಡರಗಿ’ ಕಳಿಸಿದೆ.

ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ನಮ್ಮ ಶಾಲೆಯ ಗೇಟಿನಲ್ಲಿ ಚಾಚಿ ನಿಂತಿದ್ದರು! ಒಬ್ಬರೇ. ಬೆವರು ಒರೆಸಿಕೊಳ್ಳುತ್ತ, “ಬೋರ್ಡ್ ಓದಿ ಬಂದೀನ್ರಿ. ಅಕ್ಷರ ಹೊಂಟು ಬರೋ ಜಾಗ ಎಲ್ಲೈತಿ, ತೋರಸ್ರಿ” ಎಂದರು.

ಫೋನು ತೋರಿಸಿದೆ. “ಇಷ್ಟ?” ಎಂದು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಂತರ ಒಂದೊಂದೇ ಅಕ್ಷರ ಹುಡುಕಿ ತಮ್ಮ ಹೆಸರು ಒತ್ತಿ, ತಾವೇ ಕಳಿಸಿದರು. “ಈಗ ನಾನೂ ಹೊಂಡತೀನಿ. ಯಾರ ಮೊದಲ ಮುಟ್ಟತಾರ ನೋಡೂಣು!”

ಸಂಜೆ ಫೋನ್ ಬಂತು. “ಸೋತ್ನಿರಿ ಅಕ್ಕೋರ. ನನ್ನ ಹೆಸರು ನನಗಿಂತ ಮೊದಲ ಬಂದು ಕುಂತೈತಿ.” ದನಿಯಲ್ಲಿ ಸೋತ ಬೇಸರವೇನೂ ಇರಲಿಲ್ಲ.

ಆಮೇಲೆ ಲಕ್ಷ್ಮೇಶ್ವರವನ್ನೂ ಓದಿದರು. ತಂಗಿಯನ್ನು ನೋಡಬೇಕೆನಿಸಿದಾಗಲೆಲ್ಲ ಬಸ್ಸು ಹತ್ತಿದರು. ಅವಳ ಕೊನೆಯ ದಿನಗಳಲ್ಲಿ ಚಾಚಿ ಪಕ್ಕದಲ್ಲೇ ಇದ್ದರು.

ಚಾಚಿ ತೀರಿಹೋದಾಗ ನಾನು ಮುಂಡರಗಿಯಲ್ಲಿದ್ದೆ. ಸುದ್ದಿ ತಿಳಿದು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು…

ಈಗ ವರ್ಗವಾಗಿ ಬೆಟಗೇರಿಯಲ್ಲೇ ಇದ್ದೇನೆ. ಮೊನ್ನೆ ಮನೆಗೆ ಇಂಡಕ್ಷನ್ ಒಲೆ ತಂದೆ. ಕೆಂಡವಿಲ್ಲ, ಉರಿಯಿಲ್ಲ, ನೀರು ಕುದಿಯತೊಡಗಿತು. ಬಾಗಿಲು ತೆರೆದಿತ್ತು. ಇದು ಹೇಗೆ ಎಂದು ಕೇಳಲು ಎದುರುಮನೆಯಿಂದ ಯಾರೂ ಬರಲಿಲ್ಲ.