ಮಾದೇವಕ್ಕ ಎರಡನೇ ಸಲ ಬರಲಿಲ್ಲ

ಅರಿವಳಿಕೆ ಹೆಚ್ಚುಕಡಿಮೆ ಆಗಬಹುದಿತ್ತು. ಒಳಗೆ ಕೂರಿಸಿದ ಕೊಳವೆ ತುಸು ಜಾರಬಹುದಿತ್ತು. ಯಂತ್ರ ನಡುವೆ ಕೈಕೊಡಬಹುದಿತ್ತು. ಭಟ್ಕಳದ ಆಚೆ ಹೆದ್ದಾರಿಗೆ ಗುಡ್ಡ ಕುಸಿದು ಬಸ್ಸು ನಿಲ್ಲಬಹುದಿತ್ತು. ರೋಗಿಗೆ ಜ್ವರ ಬರಬಹುದಿತ್ತು. ಅವರಿಗೆ ಬಾರದಿದ್ದರೆ ನನಗೆ. ಮೂರು ವರ್ಷದ ಹಿಂದೆ, ಮಾದೇವಕ್ಕನ ಚಿಕಿತ್ಸೆಯ ಹೊತ್ತಿಗೆ ನಾನು ಮನಸ್ಸಿನಲ್ಲಿ ಹಾಕಿಕೊಂಡಿದ್ದ ಪಟ್ಟಿ ಇದು.

ಆಗ ನಾನು ಮಂಗಳೂರಿನ ಆಸ್ಪತ್ರೆಯೊಂದರ ಪರವಾಗಿ ಹೊನ್ನಾವರದಲ್ಲಿದ್ದ ನರ್ಸ್. ಭಟ್ಕಳದಿಂದ ಕುಮಟಾದವರೆಗಿನ ಕ್ಯಾನ್ಸರ್ ರೋಗಿಗಳು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡದಂತೆ ನೋಡಿಕೊಳ್ಳುವುದು ಕೆಲಸ. ನಲವತ್ತೇಳು ವರ್ಷ ಬಿಟ್ಟಿಯಾಗಿ ಚಿಂತೆ ಮಾಡಿದವಳಿಗೆ ಕಡೆಗೂ ಸಂಬಳ ಸಿಕ್ಕಿತ್ತು.

ಮಾದೇವಕ್ಕ ಮಾವಳ್ಳಿಯವರು, ಬಸಳೆ, ಹರಿವೆ ಸೊಪ್ಪು ಬೆಳೆದು ಮಾರುವವರು. ಗರ್ಭಕಂಠದ ಕ್ಯಾನ್ಸರಿಗೆ ಮಂಗಳೂರಿನಲ್ಲೇ ಉಳಿದು, ಹೊರಗಿನಿಂದ ಕೊಡುವ ವಿಕಿರಣವನ್ನು ಇಪ್ಪತ್ತೈದು ಸಲ ಮುಗಿಸಿದ್ದರು. ಉಳಿದದ್ದು ಬ್ರಾಕಿಥೆರಪಿ, ಅಂದರೆ ಒಳಗಿನಿಂದ ಕೊಡುವ ವಿಕಿರಣ. ವಾರಕ್ಕೊಂದರಂತೆ ಮೂರು ಸಲ. ಗರ್ಭಕೋಶದೊಳಗೆ ಕೊಳವೆ ಕೂರಿಸಿ ಯಂತ್ರಕ್ಕೆ ಜೋಡಿಸುತ್ತಾರೆ. ವಿಕಿರಣ ಸೂಸುವ ಇರಿಡಿಯಂನ ಒಂದು ಪುಟ್ಟ ಕಾಳು ತಂತಿಯ ತುದಿಯಲ್ಲಿ ಒಳಗೆ ಹೋಗಿ, ಗಡ್ಡೆಯ ಹತ್ತಿರ ಕೆಲವು ನಿಮಿಷ ನಿಂತು, ವಾಪಸು ಯಂತ್ರ ಸೇರುತ್ತದೆ. ಎಲ್ಲ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ತಡವಾದರೆ ಗಡ್ಡೆ ಮತ್ತೆ ತಲೆಯೆತ್ತುವ ಭಯ.

ಮೊದಲನೆಯದು ಒಂದು ಗುರುವಾರ ಸಲೀಸಾಗಿ ಆಯಿತು. ಆಸ್ಪತ್ರೆಯಿಂದ ಹೊರಡುವಾಗ, ಜೊತೆಗೆ ಹೋಗಿದ್ದ ನಾನು ಎಚ್ಚರಿಕೆಗಳನ್ನೆಲ್ಲ ಒಪ್ಪಿಸಿದೆ.

“ರೋಗಕ್ಕಿಂತ ನಿಮ್ಮ ಹೆದ್ರಿಕೆನೇ ಜೋರು, ಸಿಸ್ಟರೇ,” ಎಂದು ಮಾದೇವಕ್ಕ ನಕ್ಕು ಊರಿಗೆ ಹೋದರು.

ಮುಂದಿನ ಗುರುವಾರ ಬರಲಿಲ್ಲ. ಫೋನೂ ಎತ್ತಲಿಲ್ಲ. ಶುಕ್ರವಾರ ಬೆಳಿಗ್ಗೆ ನಾನೇ ಮಾವಳ್ಳಿಗೆ ಹೋದೆ.

ಅಂಗಳದ ತುದಿಯಲ್ಲಿ ಒಬ್ಬರೇ ಕುಳಿತು ಬಸಳೆಯ ಕಟ್ಟು ಕಟ್ಟುತ್ತಿದ್ದರು. ಬಚ್ಚಲಿನಿಂದ ಮಗುವಿನ ಅಳು. ಮಗಳು ಸುಜಾತಾ ಚೊಚ್ಚಲ ಬಾಣಂತಿ. ಮಗುವಿಗೆ ಹದಿನೈದು ದಿನ. ಕಾಲು ನೀಡಿ ಕುಳಿತು, ಕಾಲ ಮೇಲೆ ಕೂಸನ್ನು ಮಲಗಿಸಿ ಮೀಯಿಸುವುದು ನಮ್ಮಲ್ಲಿ ಅಜ್ಜಿಯ ಕೆಲಸ. ಅಂದು ಮೀಯಿಸುತ್ತಿದ್ದವರು ಪಕ್ಕದ ಮನೆಯ ಹೆಂಗಸು.

“ಎಂತಕ್ಕೆ ಬರ್ಲಿಲ್ಲ, ಮಾದೇವಕ್ಕ?”

“ಇನ್ನು ಬರೂದಿಲ್ಲ. ಮತ್ತೂ ಎರಡು ಸಲ ಕರೆಂಟ್ ಕೊಡ್ಸ್ಕಂಡ್ರೆ ನಾ ಕೂಸಿನ ಮುಟ್ಟೂದು ಯಾವಾಗ? ಸಣ್ಣ ಮಕ್ಕಳ ಹತ್ರ ಹೋಗ್ಬೇಡಿ ಅಂದವ್ರು ನೀವೇ ಅಲ್ದಾ?”

ವಿಕಿರಣಕ್ಕೆ ನಮ್ಮ ಕಡೆ ಕರೆಂಟ್ ಎನ್ನುತ್ತಾರೆ. ನಾನು ಹಾಗೆ ಹೇಳಿದ್ದು ನಿಜ. ಅದು ಥೈರಾಯ್ಡ್ ಕ್ಯಾನ್ಸರಿನವರಿಗೆ ಹೇಳುವ ಎಚ್ಚರಿಕೆ. ಅವರು ನುಂಗಿದ ವಿಕಿರಣದ ಅಯೋಡಿನ್ ಕೆಲವು ದಿನ ಮೈಯಲ್ಲೇ ಇರುತ್ತದೆ. ಮಾದೇವಕ್ಕನ ಮೈಯಲ್ಲಿ ಏನೂ ಉಳಿದಿರಲಿಲ್ಲ. ಅದು ಗೊತ್ತಿದ್ದೂ, ಒಂದು ಮಾತು ಹೆಚ್ಚಾದರೆ ನಷ್ಟವೇನು ಎಂದು ಸೇರಿಸಿದ್ದೆ.

“ತಪ್ಪು ನಂದು, ಮಾದೇವಕ್ಕ. ಆ ಕಾಳು ಯಂತ್ರದಲ್ಲೇ ಇದೆ, ನಿಮ್ಮೊಳಗೆ ಇಲ್ಲ.”

“ನಿಮ್ಮ ಮಗಳ ಕೂಸಾಗಿದ್ರೆ ನನ್ನ ಕೈಯಾಗೆ ಕೊಡ್ತಿದ್ರಾ?”

“ಈಗ್ಲೇ ಕೊಡ್ತಿದ್ದೆ.”

ಸುಜಾತಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಮಿಂದ ಕೂಸನ್ನು ಎತ್ತಿಕೊಂಡು ಬಂದು ತಾಯಿಯ ಮಡಿಲಲ್ಲಿ ಇಟ್ಟಳು. ಮಾದೇವಕ್ಕ ಗಾಬರಿಯಲ್ಲಿ ಎರಡೂ ಕೈ ಮೇಲೆತ್ತಿಬಿಟ್ಟರು. ಆಮೇಲೆ ಮೆಲ್ಲನೆ ಇಳಿಸಿದರು.

“ತಲೆ ಸರಿ ಒರ್ಸ್ಲೇ ಇಲ್ಲ, ನೋಡು!” ಎಂದು ಮಗಳನ್ನು ಗದರಿ, ಸೆರಗಿನಿಂದ ಒರೆಸತೊಡಗಿದರು. ನನ್ನ ಕಡೆ ನೋಡದೆಯೇ ಕೇಳಿದರು: “ನಾಳೆ ಬಂದ್ರೆ ಆತಾ?”

ಆಸ್ಪತ್ರೆಯವರನ್ನು ಕಾಡಿ ಬೇಡಿ ಎರಡನೆಯದಕ್ಕೆ ಶನಿವಾರ ಸಮಯ ಪಡೆದೆ. ಮುಂದಿನ ಶನಿವಾರ ಮೂರನೆಯದೂ ಆಯಿತು, ಎಂಟು ವಾರಕ್ಕೆ ಎರಡು ದಿನ ಇರುವಾಗ. ಈಗಲೂ ತಪಾಸಣೆಗೆ ಬರುತ್ತಾರೆ, ಚೆನ್ನಾಗಿದ್ದಾರೆ. ಎಚ್ಚರಿಕೆಯ ಮಾತನ್ನೂ ಔಷಧಿಯ ಹಾಗೆ ಅಳೆದೇ ಕೊಡಬೇಕೆಂದು ಈ ಕೆಲಸ ನನಗೆ ಕಲಿಸಿತು.

ನಾನು ಹೆದರಿದ್ದರಲ್ಲಿ ಒಂದೂ ನಡೆಯಲಿಲ್ಲ. ನಡೆದದ್ದು ಇಷ್ಟೇ: ಎಂಟು ದಿನ ಮಾದೇವಕ್ಕ ಮೊಮ್ಮಗಳ ಅಳುವನ್ನು ಅಂಗಳದಲ್ಲಿ ಕುಳಿತು ಕೇಳಬೇಕಾಯಿತು.