ಕಾಳೇಗೌಡನ ಬೆನ್ನಿಗೆ ಹತ್ತಿದ ಮಣ್ಣು

ಬುಧವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಚನ್ನರಾಯಪಟ್ಟಣದ ಬಸ್ಸು ಹತ್ತಿದಾಗ ನನ್ನ ಕೈಯಲ್ಲಿದ್ದದ್ದು ಎರಡೇ ಸಾಮಾನು. ಒಂದು, ಎರಡೂ ತುದಿ ಚೂಪಾದ ಚರ್ಮದ ಚೆಂಡು. ಇನ್ನೊಂದು, ನಮ್ಮ ದೊರೆ ಪೆನ್ಸಿಲಿನಲ್ಲಿ ಗೀಚಿಕೊಟ್ಟ ಚಿತ್ರ. ನಾನು ಬೆಂಗಳೂರು ದಂಡು ಪ್ರದೇಶದ ಒಂದು ಕ್ಲಬ್ಬಿನಲ್ಲಿ ಗುಮಾಸ್ತ. ಕ್ಲಬ್ಬಿನ ದೊರೆಗೆ ರಗ್ಬಿ ಎಂಬ ಆಟದ ಹುಚ್ಚು. ಇಡೀ ಹಿಂದೂಸ್ಥಾನಕ್ಕೆ ಒಂದು ತಂಡ ಕಟ್ಟಬೇಕು, ಅದರ ಮುಂದಿನ ಸಾಲಿಗೆ ಗೂಳಿ ಕತ್ತಿನ ಮೂವರು ದೇಶೀಯರು ಬೇಕು, ಎರಡು ವರ್ಷ ತಾನೇ ತಿದ್ದಿ ತಯಾರು ಮಾಡುತ್ತೇನೆ ಎಂದು ಹಟ ಹಿಡಿದಿದ್ದರು. ಹಾಸನದ ಕಡೆ ಒಳ್ಳೆಯ ಗರಡಿಗಳಿವೆ ಎಂದು ನಾನು ಬಾಯಿ ಬಿಟ್ಟದ್ದೇ ತಪ್ಪಾಯಿತು. ಶನಿವಾರ ಹಾಸನದ ಮೈದಾನಕ್ಕೆ ಮೂವರನ್ನು ಕರೆತಾ ಎಂದು ಅಪ್ಪಣೆಯಾಯಿತು. ಆಟ ಹೇಗೆ ಎಂದು ಕೇಳಿದೆ. ಚೆಂಡನ್ನು ಮುಂದಕ್ಕೆ ಒಯ್ಯಬೇಕಂತೆ, ಆದರೆ ಕೈಯಲ್ಲಿ ಎಸೆಯುವುದು ಮಾತ್ರ ಹಿಂದಕ್ಕಂತೆ. ಅಲ್ಲಿಗೇ ನನ್ನ ತಲೆ ಕೆಟ್ಟಿತು.

ಚನ್ನರಾಯಪಟ್ಟಣಕ್ಕೆ ತೊಂಬತ್ತು ಮೈಲಿ. ಇಳಿದವನು ಹೋಟೆಲಿನಲ್ಲಿ ಉಪ್ಪಿಟ್ಟು ತಿಂದು ಗರಡಿ ಹುಡುಕಿಕೊಂಡು ಹೋದೆ. ತೆಂಗಿನ ಸೀಮೆಯ ಜನ. ಒಬ್ಬ ಪೈಲ್ವಾನ ಚೆಂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಒಳ್ಗೆ ನೀರೇ ಇಲ್ವಲ್ಲ ಸಾ" ಎಂದ. ಚಿತ್ರ ನೋಡಿ, "ಮೂರು ಮೂರು ಜನ ತಬ್ಕೊಂಡು ತಳ್ಳಾಡದಾ? ಗೆದ್ದೋನು ಯಾರು ಅಂತ ಎಂಗೆ ಏಳೋದು?" ಎಂದು ಕೇಳಿದ.

ನಾನು ಚಿತ್ರ ಮಡಿಸಿಕೊಂಡೆ. ಅಲ್ಲಿಂದ ಯಾರೂ ಬರಲಿಲ್ಲ. ಮರುದಿನ ಹೊಳೆನರಸೀಪುರಕ್ಕೆ ಹೋದರೆ ಗರಡಿಗೆ ಬೀಗ. ಜಿಟಿಜಿಟಿ ಮಳೆಗೆ ಪೈಲ್ವಾನರೆಲ್ಲ ನಾಟಿಗೆ ಇಳಿದಿದ್ದರು. ಗದ್ದೆಯ ಬದುವಿನಲ್ಲಿ ಚೆಂಡು ಹಿಡಿದು ನಿಂತ ನನ್ನನ್ನು ಹೆಂಗಸರು ನೋಡಿ ನಕ್ಕರು.

ಶುಕ್ರವಾರ ಅರಕಲಗೂಡು. ಬಸ್ಸಿಗೆ ಆರಾಣೆ, ದಾರಿಯ ಗುಂಡಿಗಳು ಪುಕ್ಕಟೆ. ಗರಡಿಯ ಗಿಡ್ಡ ಬಾಗಿಲಲ್ಲಿ ಬಗ್ಗಿ ಒಳಗೆ ಹೋದರೆ ಒಬ್ಬ ಕತ್ತಿಗೆ ಕಲ್ಲಿನ ಬಳೆ ಹಾಕಿಕೊಂಡು ಬಸ್ಕಿ ಹೊಡೆಯುತ್ತಿದ್ದ. ಅವನಿಗೆ ಭುಜ ಮುಗಿದ ಕಡೆ ನೇರವಾಗಿ ಕಿವಿಯೇ ಶುರುವಾಗುತ್ತಿತ್ತು. ಕೊಣನೂರಿನ ಕಡೆಯ ಒಕ್ಕಲು ಮನೆತನದ ಕಾಳೇಗೌಡ. ಮೂಲೆಯಲ್ಲಿ ಕೂತಿದ್ದ ಸಣ್ಣ ಕಾಯದ ಮುದುಕರು ಅವನ ಗುರು, ಉಸ್ತಾದ್ ನಂಜಪ್ಪ.

ನಂಜಪ್ಪನವರು ಚಿತ್ರವನ್ನು ಬೆಳಕಿಗೆ ಹಿಡಿದರು. "ಇದು ಕತ್ತಿನ ಕೆಲ್ಸ. ನಡುವೆ ಇರೋನು ನೇತಾಕ್ಕೊಂಡು ಕಾಲಾಡಿಸ್ತಾನೆ, ಪಕ್ಕದ ಇಬ್ರು ಕಂಬ ಇದ್ದಂಗೆ. ಅಲ್ವಾ ಸಾ?"

ದೊರೆ ಅರ್ಧ ಗಂಟೆ ಕೂಗಾಡಿ ಹೇಳಿದ್ದೂ ಇದನ್ನೇ. ನನಗೆ ಖುಷಿಯಾಯಿತು.

"ಒಂದೇ ಮಾತು" ಎಂದರು ಅವರು. "ಇವನ ಬೆನ್ನು ಇವತ್ತಿನವರ್ಗೂ ಮಣ್ಣು ಕಂಡಿಲ್ಲ. ಬೆನ್ನು ಮಣ್ಣಿಗೆ ತಾಕೋ ಆಟ ಆದ್ರೆ ನಾನು ಕಳ್ಸಾಕಿಲ್ಲ."

ಚಿತ್ರದಲ್ಲಿ ಆರೂ ಜನರ ಮುಖ ನೆಲದ ಕಡೆಗಿತ್ತು, ಬೆನ್ನು ಆಕಾಶದ ಕಡೆಗೆ. ಅದನ್ನು ನಂಬಿ, "ತಾಗೋದಿಲ್ಲ ಉಸ್ತಾದ್ರೇ, ನಾನು ಹೊಣೆ" ಎಂದುಬಿಟ್ಟೆ. ಅವರು ಅಖಾಡದ ಮಣ್ಣನ್ನು ಒಂದು ಚಿಟಿಕೆ ನನ್ನ ಅಂಗೈಗೆ ಹಾಕಿ, "ಇದ್ನ ಇಡ್ಕೊಂಡು ಅದೇ ಮಾತ್ ಏಳಿ" ಎಂದರು. ಹೇಳಿದೆ.

ಶನಿವಾರ ಹಾಸನದಲ್ಲಿ ತುಂತುರು. ಕಾಫಿ ತೋಟದ ಬಿಳಿಯರು ಆಡಲು ಕಾರುಗಳಲ್ಲಿ ಬಂದಿದ್ದರು. ಮೂವರ ಬದಲು ಒಬ್ಬನನ್ನು ತಂದದ್ದಕ್ಕೆ ಸಿಡುಕಿದ ದೊರೆ, ಕಾಳೇಗೌಡನ ಕತ್ತು ಮುಟ್ಟಿ ನೋಡಿ ತಣ್ಣಗಾದರು. ಅಂಗಿ ಕೊಟ್ಟರೆ ಅವನು ಹಾಕಲಿಲ್ಲ. ಮುಂದೆ ಮೂವರು, ಅವರ ಬೆನ್ನಿಗೆ ಐವರು ಸೇರಿದ ಎರಡು ಗುಂಪು ತಲೆಗೆ ತಲೆ ಕೊಟ್ಟು ತಳ್ಳಿದಾಗ ಕಾಳೇಗೌಡನ ಎದುರಿನ ಎಂಟು ಜನವೂ ಹಿಂದಕ್ಕೆ ಜರುಗಿದರು. ಎರಡನೆಯ ಸಲವೂ ಹಾಗೇ ಆಯಿತು. ದೊರೆ ಹ್ಯಾಟು ಎಸೆದು ಕುಣಿದರು. ಯಾಕೆಂದು ತಿಳಿಯದೆ ನಾನೂ ಕೂಗಿದೆ.

ಮೂರನೆಯ ಸಲ ಕೆಸರಿನಲ್ಲಿ ಯಾರದೋ ಕಾಲು ಜಾರಿತು. ಹದಿನಾರು ಜನ ಗುಡ್ಡೆಯಾಗಿ ಬಿದ್ದರು. ಒಬ್ಬೊಬ್ಬರೇ ಎದ್ದು ಚೆಂಡಿನ ಹಿಂದೆ ಓಡಿದರು. ತಳದಲ್ಲಿ ಕಾಳೇಗೌಡ ಅಂಗಾತ ಬಿದ್ದಿದ್ದ.

ಅವನು ಎದ್ದ. ಕುಸ್ತಿಯಲ್ಲಿ ಸೋತವನು ಗೆದ್ದವನಿಗೆ ಮಾಡುವಂತೆ, ಎದುರು ಗುಂಪಿನ ಬಿಳಿಯನೊಬ್ಬನ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಮೈದಾನ ಬಿಟ್ಟು ನಡೆದ. ಕೈ ಮುಟ್ಟಿಸಿಕೊಂಡ ಬಿಳಿಯ ಪೆಚ್ಚಾಗಿ ನಿಂತ. ಇದು ಸೋಲಲ್ಲ ಎಂದು ಹೇಳಿ ಕರೆದುಕೊಂಡು ಬಾ ಎಂದು ದೊರೆ ನನ್ನನ್ನು ಅಟ್ಟಿದರು. ಓಡಿಹೋಗಿ ಹೇಳಿದೆ.

"ಬೆನ್ನು ತಾಕಿದ್ ಮ್ಯಾಲೆ ಸೋಲಲ್ದೆ ಇನ್ನೇನ್ ಸಾ?" ಎಂದ ಕಾಳೇಗೌಡ. "ತಾಕಾಕಿಲ್ಲ ಅಂತ ನೀವೇ ಏಳಿದ್ರಲ್ಲ?"

ಅವನಿಗೆ ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು. ದೊರೆ ಕೂಗುತ್ತಲೇ ಇದ್ದರು. ನಾನು ಅವನ ಜೊತೆ ಅರಕಲಗೂಡಿನ ಬಸ್ಸು ಹತ್ತಿದೆ. ಹದಿನೆಂಟು ಮೈಲಿಯೂ ಅವನು ಸೀಟಿಗೆ ಒರಗದೆ ನೆಟ್ಟಗೆ ಕೂತಿದ್ದ. ಅವರ ಗರಡಿಯಲ್ಲಿ ಸೋತವನು ತನ್ನ ಬೆನ್ನಿನ ಮಣ್ಣನ್ನು ತಾನು ಒರೆಸಿಕೊಳ್ಳುವಂತಿಲ್ಲವಂತೆ. ಉಸ್ತಾದರೇ ಒರೆಸಬೇಕಂತೆ.

ಗರಡಿಯಲ್ಲಿ ನಂಜಪ್ಪನವರು ಅವನನ್ನು ಬೆಳಕಿಗೆ ತಿರುಗಿಸಿ ಬೆನ್ನು ನೋಡಿದರು. "ಯಾರ್ಲಾ ಕೆಡವಿದ್ದು?"

"ಯಾರೂ ಕೆಡವ್ಲಿಲ್ಲ ಉಸ್ತಾದ್ರೇ. ಎಲ್ರೂ ಬಿದ್ವು."

"ಅಂಗಾರೆ ಗೆದ್ದೋರ್ಯಾರು?"

ಕಾಳೇಗೌಡ ನನ್ನ ಮುಖ ನೋಡಿದ. "ನನಗೂ ಗೊತ್ತಿಲ್ಲ" ಎಂದೆ.

ಮುದುಕರು ಹೆಗಲ ಮೇಲಿನ ಟವೆಲನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಇವನು ಸೋತಿಲ್ಲ ಸಾ. ಸೋತಿದ್ದು ನಿಮ್ಮ ಮಾತು. ನೀವೇ ಒರಸಿ."

ಒರೆಸಿದೆ. ಒಣಗಿದ ಕೆಸರು ಬೇಗ ಬಿಡಲಿಲ್ಲ. ನೀರು ಅದ್ದಿ ಅದ್ದಿ ಒರೆಸಿದೆ. ಕಾಳೇಗೌಡ ಕಣ್ಣು ಮುಚ್ಚಿ ಕೂತಿದ್ದ. "ಎಡಗಡೆ ಇನ್ನೂ ವಸಿ ಐತೆ ಸಾ" ಎಂದ. ಅದೂ ಹೋದ ಮೇಲೆ, ಮಧ್ಯಾಹ್ನದಿಂದ ಮೊದಲ ಸಲ, ನಿಧಾನವಾಗಿ ಗೋಡೆಗೆ ಒರಗಿದ.

ಭಾನುವಾರ ಬೆಂಗಳೂರಿಗೆ ಬಂದೆ. ದೊರೆ ಚೆಂಡನ್ನೂ ಚಿತ್ರವನ್ನೂ ವಾಪಸು ಕೇಳಿದರು, ಕೊಟ್ಟೆ. ಉಸ್ತಾದರು ಮಾತ್ರ ಟವೆಲನ್ನು ವಾಪಸು ತೆಗೆದುಕೊಂಡಿರಲಿಲ್ಲ. ಅದು ನನ್ನ ಪೆಟ್ಟಿಗೆಯಲ್ಲಿದೆ. ಇನ್ನೂ ಒಗೆಯಲು ಹಾಕಿಲ್ಲ.