ಚಂದ್ರನನ್ನು ನಿಲ್ಲಿಸುವ ಕೆಲಸ

ಬೆಳಗು ಹರಿಯುತ್ತಿದೆ. ಗಾಂಗ್ವನ್ ಪ್ರಾಂತ್ಯದ ಬೆಟ್ಟವೊಂದರ ಮೇಲಿನ ಪುಟ್ಟ ವೀಕ್ಷಣಾಲಯದಲ್ಲಿ ಮಾ ಡೋಸಿಕ್ ಗುಮ್ಮಟದ ಅಂಚಿಗೆ ಕಟ್ಟಿದ ಮಂಜುಗಡ್ಡೆಯನ್ನು ಪೊರಕೆ ಹಿಡಿಯಿಂದ ಬಡಿದು ಬೀಳಿಸುತ್ತಿದ್ದಾರೆ. ಆಮೇಲೆ ದೂರದರ್ಶಕದ ಕೆಳಗೆ ನುಸುಳಿ, ಹಲ್ಲುಗಾಲಿಗೆ ಎಣ್ಣೆ ಬಿಟ್ಟು, ಮೋಟರಿನ ಸದ್ದಿಗೆ ಕಿವಿಗೊಡುತ್ತಾರೆ. ನೋಡಲು ಬಂದವರು ಹೊಗಳುವುದು ಮಸೂರವನ್ನು. ಎಣ್ಣೆ ಬಿಟ್ಟವರನ್ನು ಕೇಳುವವರು ಯಾರು?

"ಭೂಮಿ ತಿರುಗ್ತಾನೇ ಇರುತ್ತಲ್ಲ, ನೋಡ್ತಾ ನೋಡ್ತಾನೇ ಚಂದ್ರ ಜಾರ್ಕೊಂಡು ಹೋಗ್ಬಿಡ್ತಾನೆ," ಎನ್ನುತ್ತಾರೆ ಡೋಸಿಕ್. "ಅದಕ್ಕೇ ಈ ಮೋಟರು. ದೂರದರ್ಶಕಾನ ಮೆಲ್ಲಗೆ ಅವನ ಹಿಂದೇನೇ ತಿರುಗಿಸುತ್ತೆ. ಆಗ ಅವನು ನಿಂತ ಹಾಗೆ ಕಾಣ್ತಾನೆ. ನಿಂತಿರಲ್ಲ, ಕಾಣ್ತಾನೆ ಅಷ್ಟೇ."

ತಾಯಿಯಿಲ್ಲದ ಅವರನ್ನು ಸಾಕಿದ್ದು ಅಕ್ಕ ಬುನ್‌ಹಿ, ಸೊಕ್ಚೊ ಬಂದರಿನಲ್ಲಿ ಮೀನು ಸೀಳುತ್ತಾ. ಒಂದು ಸಂಜೆ ಬಸ್ಸಿನಲ್ಲಿ ಪುಟ್ಟ ಡೋಸಿಕ್ ಕೂಗಿದ್ದರಂತೆ, "ಅಕ್ಕಾ, ಚಂದ್ರ ನಮ್ಮ ಹಿಂದೇನೇ ಬರ್ತಿದಾನೆ!" ಅಕ್ಕ ತಿರುಗಿಯೂ ನೋಡದೆ ಅಂದಿದ್ದರು, "ಟಿಕೆಟ್‌ಗೆ ದುಡ್ಡಿಲ್ಲ ಅನ್ಸುತ್ತೆ, ಓಡ್ಕೊಂಡು ಬರ್ತಿದಾನೆ ಪಾಪ." ಆ ಚಂದ್ರನ ಹುಚ್ಚೇ ಅವರನ್ನು ಈ ಬೆಟ್ಟ ಹತ್ತಿಸಿದ್ದು.

ಕೆಲಸ ಸಿಕ್ಕ ಮೇಲೆ ಅಕ್ಕ ತಮ್ಮನ ನಡುವೆ ಉಳಿದದ್ದು ಫೋನು. "ಊಟ ಆಯ್ತೇನೋ?" "ಆಯ್ತು. ನೀನು ಹೇಗಿದೀಯಾ?" "ಇದ್ದ ಹಾಗೇ ಇದೀನಿ." ನಮ್ಮ ಕಡೆಯ ಹಿರಿಯರು ಹಾಗೆನ್ನುವುದೇ ಕೇಳುವವರ ಬಾಯಿ ಮುಚ್ಚಿಸಲು, ಅದು ಗೊತ್ತಿದ್ದೂ ನಾವು ನಂಬಿಬಿಡುತ್ತೇವೆ. ಡೋಸಿಕ್ ಕೂಡ ನಂಬಿದರು. ಅಕ್ಕನನ್ನು ಕರೆತಂದು ಚಂದ್ರನನ್ನು ಹತ್ತಿರದಿಂದ ತೋರಿಸಬೇಕೆಂಬ ಆಸೆಯೇನೋ ಇತ್ತು. ಚಳಿ ಕಳೆಯಲಿ, ಮಳೆ ನಿಲ್ಲಲಿ, ಚಂದ್ರ ಎಲ್ಲಿಗೆ ಓಡಿಹೋಗುತ್ತಾನೆ ಎಂದುಕೊಳ್ಳುತ್ತಲೇ ವರ್ಷಗಳು ಉರುಳಿದವು.

ಕಳೆದ ವರ್ಷ ಮೀನು ಮಾರುಕಟ್ಟೆಯ ಪಕ್ಕದಂಗಡಿಯಾಕೆ ಫೋನು ಮಾಡಿ ಬೈದಳು: "ನಿಮ್ಮಕ್ಕ ಮೀನು ಬಿಟ್ಟು ಬೆರಳು ಸೀಳ್ಕೊಂಡಿದಾಳೆ. ಕಣ್ಣು ಹೋಗಿ ಎಷ್ಟು ದಿನ ಆಯ್ತು, ನಿಂಗೆ ಗೊತ್ತೇ ಇಲ್ವಾ?" ಕಣ್ಣಿನ ಒತ್ತಡ ಹೆಚ್ಚಿ ದೃಷ್ಟಿ ಅಂಚಿನಿಂದ ಒಳಕ್ಕೆ ಸವೆಯುತ್ತಾ ಬಂದಿತ್ತು. ಮೊದಲೇ ತೋರಿಸಿದ್ದರೆ ಒಂದಿಷ್ಟಾದರೂ ಉಳಿಯುತ್ತಿತ್ತು ಎಂದರಂತೆ ವೈದ್ಯರು.

ಡೋಸಿಕ್ ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದಾರೆ. "ಬಸ್ಸಲ್ಲಿ ಹೋಗ್ತಿದ್ರೆ ಹತ್ತಿರದ ಕಂಬ ಓಡುತ್ತೆ, ದೂರದ ಬೆಟ್ಟ ನಿಂತಂಗಿರುತ್ತೆ. ಬೆಟ್ಟಾನೂ ಹಿಂದೆ ಸರೀತಾ ಇದೆ, ದೂರ ಇರೋದ್ರಿಂದ ಗೊತ್ತಾಗಲ್ಲ ಅಂತ ಇಲ್ಲಿಗೆ ಬರೋ ಮಕ್ಕಳಿಗೆ ನಾನೇ ಹೇಳ್ತೀನಿ. ನಮ್ಮಕ್ಕ ದೂರ ಇದ್ಲು. ಇದ್ದ ಹಾಗೇ ಇದಾಳೆ ಅನ್ಕೊಂಡೆ."

ಈಗ ರಜೆ ಸಿಕ್ಕಾಗಲೆಲ್ಲ ಅವರು ಸೊಕ್ಚೊ ಬಸ್ಸು ಹತ್ತುತ್ತಾರೆ. ಅಕ್ಕನಿಗೆ ಮೀನಿನ ಮುಳ್ಳು ಬಿಡಿಸಿಕೊಟ್ಟು, "ಅಂಗೈಯಷ್ಟು ಮೀನಿಗೆ ಇಷ್ಟು ಹೊತ್ತಾ?" ಎಂದು ಬೈಸಿಕೊಳ್ಳುತ್ತಾರೆ. ಹೋದ ತಿಂಗಳು ಹಟ ಹಿಡಿದು ಅಕ್ಕನನ್ನು ಬೆಟ್ಟಕ್ಕೆ ಕರೆತಂದಿದ್ದರು. ಸಂಜೆ ಮೂಡಿದ ತುಂಬು ಚಂದ್ರನತ್ತ ದೂರದರ್ಶಕ ತಿರುಗಿಸಿ, ಅಕ್ಕನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಗಾಜಿಗೆ ತಂದರು. ಅಕ್ಕ ತುಂಬ ಹೊತ್ತು ಹಾಗೇ ಬಗ್ಗಿ ನಿಂತಿದ್ದರು. ಏನೂ ಕಾಣಲಿಲ್ಲ.

"ಏನೋ ಇದು, ಗುರ್ರ್ ಅಂತಿದೆ?"

"ಮೋಟರು ಅಕ್ಕ. ಚಂದ್ರನ ಹಿಂದೆ ಓಡ್ತಿದೆ."

"ಅವತ್ತು ಅವನು ನಮ್ಮ ಹಿಂದೆ ಓಡ್ಬಂದ. ಇವತ್ತು ನೀನು ಅವನ ಹಿಂದೆ," ಎಂದು ಅಕ್ಕ ನಕ್ಕರು. ಆಮೇಲೆ ತಮ್ಮನ ತೋಳನ್ನು ತಡಕಿ ಹಿಡಿದರು. "ಯಾರಾದ್ರೂ ಒಬ್ರು ನಿಲ್ರೋ. ನಂಗೆ ಕಣ್ಣಿದ್ದಾಗ ನಿಲ್ಲಬಾರದಿತ್ತಾ?"